ಪೊಲೀಸರ ಮೇಲೆ ದೂರು ಬರೆಸುವ ಆ ಮೇಜು: ಎಂಟು ತಿಂಗಳ ಅನುಭವದಿಂದ ಒಂದು ವಿಮರ್ಶೆ

ನಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ, ಹಳೆಯ ಕಟ್ಟಡದ ಪಡಸಾಲೆಯ ಕೊನೆಗೆ, ಉಚಿತ ಕಾನೂನು ನೆರವು ಕೇಂದ್ರವೊಂದಿದೆ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಕಬ್ಬಿಣದ ಬೀರು, ಗೋಡೆಯ ಮೇಲೆ 15100 ಎಂಬ ಸಹಾಯವಾಣಿ ಸಂಖ್ಯೆಯ ಭಿತ್ತಿಪತ್ರ, ಇಷ್ಟೇ ಅಲ್ಲಿರುವುದು. ಜೀವನಾಂಶ, ಜಮೀನಿನ ಪಾಲು, ಚೆಕ್ ಬೌನ್ಸ್ ಮುಂತಾದ ವಿಷಯಗಳಿಗಾಗಿ ಜನ ಅಲ್ಲಿಗೆ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೆ ಪೊಲೀಸರ ಮೇಲೆಯೇ ದೂರು ಕೊಡಬೇಕಾಗಿ ಬಂದಾಗ ಅದನ್ನು ಯಾರಿಗೆ, ಹೇಗೆ, ಎಷ್ಟು ದಿನದೊಳಗೆ ಕೊಡಬೇಕೆಂದು ಹೇಳಿಕೊಟ್ಟು, ಪಕ್ಕದಲ್ಲಿ ಕೂತು ಬರೆಸುವ ಕೆಲಸವೂ ಅಲ್ಲಿ ನಡೆಯುತ್ತದೆ ಎಂಬುದು ಕಳೆದ ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ಎಂಟು ತಿಂಗಳಲ್ಲಿ ಹದಿನಾಲ್ಕು ಬಾರಿ ಆ ಮೇಜಿನ ಮುಂದೆ ಕೂತವನಾಗಿ, ಆ ಸೇವೆ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಪ್ರಕರಣ ಇನ್ನೂ ವಿಚಾರಣೆಯಲ್ಲಿರುವುದರಿಂದ ಜಿಲ್ಲೆ, ಠಾಣೆ ಮತ್ತು ವ್ಯಕ್ತಿಗಳ ಹೆಸರನ್ನು ಬರೆದಿಲ್ಲ.

ಅಣ್ಣನ ಮಗನಿಗೆ ಇಪ್ಪತ್ತಮೂರು ವರ್ಷ. ಔಷಧಿ ಅಂಗಡಿಗಳಿಗೆ ಬೈಕಿನಲ್ಲಿ ಸರಕು ತಲುಪಿಸುವ ಕೆಲಸ ಅವನದು. ಒಂದು ಸಂಜೆ ವಾಹನ ತಪಾಸಣೆಯ ವೇಳೆ ವಿಮೆಯ ಕಾಗದದ ವಿಚಾರವಾಗಿ ಮಾತಿಗೆ ಮಾತು ಬೆಳೆದು ಅವನನ್ನು ಠಾಣೆಗೆ ಕರೆದೊಯ್ದರು, ರಾತ್ರಿ ಹನ್ನೆರಡೂಕಾಲಿಗೆ ಬಿಟ್ಟರು. ನಡುವಿನ ನಾಲ್ಕೂವರೆ ಗಂಟೆಯಲ್ಲಿ ಎರಡೂ ಅಂಗೈಗೆ ಮತ್ತು ತೊಡೆಯ ಹಿಂಬದಿಗೆ ಲಾಠಿಯಿಂದ ಹೊಡೆದಿದ್ದರು. ಮನೆಗೆ ಫೋನ್ ಮಾಡಲು ಬಿಟ್ಟಿರಲಿಲ್ಲ. ಹೊರಡುವಾಗ ಖಾಲಿ ಹಾಳೆಯೊಂದರ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಬೈಕೂ ಮೊಬೈಲೂ ಠಾಣೆಯಲ್ಲೇ ಉಳಿದವು, ಅದಕ್ಕೆ ರಸೀದಿ ಇರಲಿಲ್ಲ, ಅವನ ಮೇಲೆ ಯಾವ ಪ್ರಕರಣವೂ ದಾಖಲಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಹೋದಾಗ ಅತ್ತಿಗೆ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದರು, ಬೆರಳು ಮಡಿಸಲು ಅವನಿಂದ ಆಗುತ್ತಿರಲಿಲ್ಲ.

ಆಗ ನಮಗೆ ಸಿಕ್ಕ ಸಲಹೆಗಳು ಎರಡು ಬಗೆಯವು. ಒಂದು, ಯಾರಾದರೂ ದೊಡ್ಡವರಿಂದ ಠಾಣೆಗೆ ಫೋನ್ ಮಾಡಿಸಿ, ಬೈಕು ಬಿಡಿಸಿಕೊಂಡು ಸುಮ್ಮನಾಗುವುದು. ಇನ್ನೊಂದು, ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಹೊಡೆಸಿ, ರಾಷ್ಟ್ರಪತಿಯಿಂದ ಹಿಡಿದು ತಹಶೀಲ್ದಾರರವರೆಗೆ ಎಲ್ಲರಿಗೂ ಪ್ರತಿ ಕಳುಹಿಸುವುದು. ನಾವು ಎರಡನೆಯದನ್ನು ಮಾಡಲು ಹೊರಟಿದ್ದೆವು. ಮೂರು ಪುಟದ ಅರ್ಜಿ ಸಿದ್ಧವೂ ಆಗಿತ್ತು. ಅದರಲ್ಲಿ ‘ರಾಕ್ಷಸೀ ಪ್ರವೃತ್ತಿ’, ‘ಅಮಾನುಷ ದೌರ್ಜನ್ಯ’, ‘ಕಾನೂನಿನ ಕಗ್ಗೊಲೆ’ ಎಂಬ ಪದಗಳು ತುಂಬಿದ್ದವೇ ಹೊರತು, ಎಷ್ಟು ಗಂಟೆಗೆ ಕರೆದೊಯ್ದರು, ಯಾವ ಕೋಣೆಯಲ್ಲಿ ಕೂರಿಸಿದರು, ಹೊಡೆದವರು ಸಮವಸ್ತ್ರದಲ್ಲಿದ್ದರೋ ಇಲ್ಲವೋ ಎಂಬ ಒಂದು ಸಾಲೂ ಇರಲಿಲ್ಲ. ಸಹಿ ಮಾಡುವ ಮುಂಚೆ ಪರಿಚಯದ ಗುಮಾಸ್ತರೊಬ್ಬರು ಓದಿ, “ಇದನ್ನು ಪೋಸ್ಟ್ ಮಾಡಬೇಡಿ, ಮೊದಲು ಒಳಗೆ ಆ ಮೇಡಂ ಹತ್ತಿರ ತೋರಿಸಿ” ಎಂದದ್ದರಿಂದ ನಾವು ಆ ಮೇಜಿನ ಬಳಿಗೆ ಹೋದೆವು.

ಮೇಜಿನ ಹಿಂದೆ ಇದ್ದವರು ವಕೀಲರಲ್ಲ, ಪ್ಯಾರಾ ಲೀಗಲ್ ಸ್ವಯಂಸೇವಕಿ, ಅಂದರೆ ಕಾನೂನಿನ ಪ್ರಾಥಮಿಕ ತರಬೇತಿ ಪಡೆದು ಜನರಿಗೆ ನೆರವಾಗುವವರು. ಐವತ್ತರ ಆಸುಪಾಸಿನ ಅವರು ಅರ್ಜಿಯನ್ನು ಓದಿ ಮಡಿಸಿ ಪಕ್ಕಕ್ಕಿಟ್ಟರು. ಬಿಳಿ ಹಾಳೆಯೊಂದನ್ನು ತೆಗೆದುಕೊಂಡು ಎಡಗಡೆ ಸಮಯಕ್ಕೆ ಒಂದು ಗೆರೆ ಎಳೆದು, ಹುಡುಗನ ಕಡೆ ತಿರುಗಿ, “ತಮ್ಮಾ, ಅವರು ಎಂಥವರು ಅನ್ನೋದು ಬೇಡ, ಏನು ಮಾಡಿದರು ಅಷ್ಟೇ ಹೇಳು. ನಿಧಾನಕ್ಕೆ ಹೇಳು, ಮರೆತಿದ್ದರೆ ಮರೆತಿದ್ದೇನೆ ಅನ್ನು” ಎಂದರು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಅವನು “ಸುಮಾರು ಎಂಟು ಗಂಟೆ” ಎಂದಾಗ ಅವರು ಅದನ್ನು ಬರೆಯದೆ, ಆ ಹೊತ್ತಿಗೆ ಕೊನೆಯದಾಗಿ ಯಾವ ಅಂಗಡಿಗೆ ಸರಕು ಕೊಟ್ಟಿದ್ದೆ, ಅಲ್ಲಿ ಬಿಲ್ಲಿಗೆ ಸಹಿ ಹಾಕಿಸಿಕೊಂಡಿದ್ದೆಯಾ ಎಂದು ಕೇಳಿದರು. ಬಿಲ್ಲಿನಲ್ಲಿ 7 ಗಂಟೆ 25 ನಿಮಿಷ ಎಂದಿತ್ತು. ಅಲ್ಲಿಂದ ತಪಾಸಣೆಯ ಜಾಗಕ್ಕೆ ಹತ್ತು ನಿಮಿಷದ ದಾರಿ. ಹೀಗೆ ಪ್ರತಿಯೊಂದು ಸಮಯಕ್ಕೂ ಒಂದು ಊರುಗೋಲು ಹುಡುಕಿ ಕೊಟ್ಟರು. ಹೊಡೆದವರಲ್ಲಿ ಒಬ್ಬರ ಎದೆಯ ಮೇಲಿನ ಹೆಸರುಪಟ್ಟಿ ಅವನಿಗೆ ನೆನಪಿತ್ತು, ಇನ್ನೊಬ್ಬರದು ಇರಲಿಲ್ಲ. ಎರಡನೆಯವರ ಹೆಸರನ್ನು ಊಹಿಸಿ ಬರೆಯೋಣವೆಂದು ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ಸರ್, ಊಹೆಯ ಒಂದು ಹೆಸರು ಉಳಿದ ನಿಜವನ್ನೆಲ್ಲ ಕೆಡಿಸುತ್ತದೆ” ಎಂದರು. ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಅಪರಾಧವೆಂಬುದನ್ನೂ ಆಗಲೇ ತಿಳಿಸಿದರು. ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ಗೊತ್ತಿರಲಿ ಎಂಬಂತೆ ಹೇಳಿದರು. ಮೂರು ಪುಟದ ನಮ್ಮ ಸಿಟ್ಟು ಒಂದು ಪುಟ, ಹದಿನೇಳು ಸಾಲಿನ ದೂರಾಯಿತು. ಈ ಸೇವೆಯ ನಿಜವಾದ ಬೆಲೆ ಇಲ್ಲಿಯೇ ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಪೊಲೀಸರನ್ನು ಎದುರಿಸುವ ಧೈರ್ಯವನ್ನು ಯಾರೂ ಯಾರಿಗೂ ತುಂಬಲಾರರು, ಆದರೆ ಅಳುತ್ತಾ ಬಂದವನ ಮಾತನ್ನು ನಾಳೆ ಯಾವ ಅಧಿಕಾರಿಯೂ ‘ಅಸ್ಪಷ್ಟವಾಗಿದೆ’ ಎಂದು ಬದಿಗಿಡಲಾಗದಂತೆ ಕಾಗದಕ್ಕೆ ಇಳಿಸಿಕೊಡಬಹುದು.

ಆಸ್ಪತ್ರೆಯ ಚೀಟಿಯ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ಪ್ರತ್ಯೇಕವಾಗಿ ಹೇಳಬೇಕು. ಅದೇ ರಾತ್ರಿ ಹುಡುಗ ಖಾಸಗಿ ಕ್ಲಿನಿಕ್ಕಿಗೆ ಹೋಗಿ, ಭಯದಿಂದ, ಬೈಕಿನಿಂದ ಬಿದ್ದೆನೆಂದು ಹೇಳಿದ್ದ. ಡಾಕ್ಟರು ಹಾಗೆಯೇ ಬರೆದಿದ್ದರು. ಆ ಚೀಟಿಯನ್ನು ನಾವು ಅಡಗಿಸಿಡಬೇಕೆಂದುಕೊಂಡಿದ್ದೆವು. ಮೇಡಂ ಅದನ್ನು ಕೇಳಿ ತೆಗೆಸಿಕೊಂಡು, ಇದು ಎದುರಿನವರ ಕೈಗೆ ಸಿಗುವ ಮೊದಲು ನಮ್ಮ ದೂರಿನಲ್ಲಿಯೇ ಇರಬೇಕು ಎಂದರು. “ಠಾಣೆಯ ಹೆಸರು ಹೇಳಿದರೆ ಮತ್ತೆ ಕರೆಸುತ್ತಾರೆಂಬ ಭಯದಿಂದ ನಾನು ಡಾಕ್ಟರಿಗೆ ಬೈಕಿನಿಂದ ಬಿದ್ದೆನೆಂದು ಹೇಳಿರುತ್ತೇನೆ” ಎಂಬ ಸಾಲು ದೂರಿನ ಹನ್ನೊಂದನೆಯ ಸಾಲಾಯಿತು. ಆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿ, ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ, ಗಾಯದ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ ಎಂದು ಕಳುಹಿಸಿದರು. ಅಲ್ಲಿಯ ವೈದ್ಯರು ತೊಡೆಯ ಮೇಲಿನ ಗುರುತುಗಳನ್ನು ‘ಒಂದಕ್ಕೊಂದು ಸಮಾನಾಂತರವಾಗಿ ಎರಡು ಗೆರೆ, ನಡುವೆ ಬಿಳುಪು’ ಎಂಬ ಅರ್ಥ ಬರುವಂತೆ, ಅಳತೆ ಸಮೇತ ಬರೆದರು. ಕೋಲಿನ ಪೆಟ್ಟು ಹಾಗೆ ಬೀಳುತ್ತದೆಂದೂ, ರಸ್ತೆಯ ಮೇಲೆ ಬಿದ್ದರೆ ಹಾಗೆ ಆಗುವುದಿಲ್ಲವೆಂದೂ ನಮಗೆ ಗೊತ್ತಾದದ್ದು ಆಮೇಲೆ. ಎರಡು ದಿನ ತಡವಾಗಿದ್ದರೆ ಆ ಗೆರೆಗಳು ಹರಡಿ ಒಂದೇ ಕಂದು ಮಚ್ಚೆಯಾಗಿರುತ್ತಿದ್ದವು.

ಅದೇ ಮಧ್ಯಾಹ್ನ ಇನ್ನೊಂದು ಪತ್ರ ಬರೆಸಿದರು. ಠಾಣೆಗಳ ಸಿಸಿಟಿವಿ ಬಗ್ಗೆ ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಕೊಟ್ಟ ತೀರ್ಪು, ಪ್ರವೇಶದ್ವಾರ, ಪಡಸಾಲೆ, ಲಾಕಪ್ಪು, ಅಧಿಕಾರಿಗಳ ಕೋಣೆ ಎಲ್ಲೆಡೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಿಡಬೇಕು ಎನ್ನುತ್ತದೆ. ತೀರ್ಪು ಇದ್ದ ಮಾತ್ರಕ್ಕೆ ದೃಶ್ಯ ಉಳಿಯುವುದಿಲ್ಲ. ಆದ್ದರಿಂದ ಇಂಥ ದಿನ ರಾತ್ರಿ 7.30ರಿಂದ 12.30ರವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿರಿಸಬೇಕೆಂದು ಎಸ್‌ಪಿಯವರಿಗೂ ಠಾಣಾಧಿಕಾರಿಗೂ ಬೇರೆ ಬೇರೆ ಪತ್ರ ಹೋಯಿತು. ಪೊಲೀಸರ ಮೇಲೆ ದೂರು ಕೊಡುವವರು ಮೊದಲ ವಾರದಲ್ಲಿ ಮಾಡಲೇಬೇಕಾದ ಕೆಲಸವೊಂದನ್ನು ಹೆಸರಿಸು ಎಂದರೆ ನಾನು ಈ ಪತ್ರವನ್ನೇ ಹೇಳುತ್ತೇನೆ.

ಯಾರಿಗೆ ದೂರು ಕೊಡಬೇಕೆಂಬುದರಲ್ಲಿ ಆ ಮೇಜಿನ ತಿಳಿವಳಿಕೆ ಹೆಚ್ಚಿನ ಭಾಗ ಗಟ್ಟಿಯಾಗಿತ್ತು. ನಮ್ಮ ಹನ್ನೆರಡು ವಿಳಾಸಗಳ ಪಟ್ಟಿಯಲ್ಲಿ ಒಂಬತ್ತನ್ನು ಅವರು ಹೊಡೆದುಹಾಕಿದರು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ, ರಾಜ್ಯ ಆಯೋಗದ ಮುಂದೆ ಇರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ. ಎರಡೂ ಕಡೆ ಕಳುಹಿಸಿದರೆ ಬಲ ಹೆಚ್ಚುತ್ತದೆಂಬ ನಂಬಿಕೆ ತಪ್ಪು, ದೂರು ಎರಡೂ ಕಡೆ ನೆನೆಗುದಿಗೆ ಬೀಳುವ ಸಂಭವವೇ ಹೆಚ್ಚು. ಅದೇ ಕಲಂ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ನಡೆಸಬಾರದೆಂದೂ ಹೇಳುತ್ತದೆ. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪೆಟ್ಟಿನ ವಿಷಯದಲ್ಲಿ ಎಫ್‌ಐಆರ್ ಆಗಬೇಕೆಂದರೆ ದಾರಿ ಬೇರೆ. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಬೇರೆ ಠಾಣೆಯಲ್ಲಿ ಮಾಹಿತಿ ಕೊಡಲು ಅವಕಾಶ ಕೊಡುತ್ತದೆ. ಹೊಡೆದ ಠಾಣೆಗೇ ಹೋಗಿ ದೂರು ಕೊಡಬೇಕಾದ ಸಂಕಟ ಇದರಿಂದ ತಪ್ಪುತ್ತದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬರಹದಲ್ಲಿ, ಅಂಚೆಯ ಮೂಲಕ, ಎಸ್‌ಪಿಗೆ ಕಳುಹಿಸಬೇಕು, ಅಲ್ಲಿಯೂ ಆಗದಿದ್ದರೆ ಅಫಿಡವಿಟ್ಟಿನೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಈ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿ ಮೇಲೇರಿದರೆ ಮೇಲಿನವರು ಕೆಳಕ್ಕೆ ಕಳುಹಿಸುತ್ತಾರೆಂದೂ, ಆದ್ದರಿಂದ ಒಂದೊಂದು ಮೆಟ್ಟಿಲಿನ ರಸೀದಿಯನ್ನೂ ಕಾಪಾಡಿಕೊಳ್ಳಬೇಕೆಂದೂ ಮೇಡಂ ಎರಡು ಸಲ ಹೇಳಿದರು. ಇನ್ನು ಹಣ ಕೇಳಿದ ಆರೋಪವಿದ್ದರೆ ಅದು ಲೋಕಾಯುಕ್ತ ಪೊಲೀಸರ ದಾರಿ. ಬಲವಂತಕ್ಕೆ ಲಂಚ ಕೊಟ್ಟವರು ಏಳು ದಿನದೊಳಗೆ ವರದಿ ಮಾಡಿದರೆ ಅವರ ಮೇಲೆ ಅಪರಾಧ ಬರುವುದಿಲ್ಲವೆಂದು ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಹೇಳುತ್ತದೆ. ನಮ್ಮದು ಆ ಬಗೆಯದಲ್ಲವಾದ್ದರಿಂದ ಆ ಕಡೆ ಹೋಗಲಿಲ್ಲ.

ರಸೀದಿಯ ಮಾತು ಬಂತು. ಎಸ್‌ಪಿ ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಂಡು “ಆಯ್ತು, ಹೋಗಿ” ಎನ್ನುವುದು ವಾಡಿಕೆ. ನಾವು ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕದಲಬಾರದೆಂದು ಮೇಡಂ ಹೇಳಿದ್ದರು. ಗುಮಾಸ್ತರು ಮೊದಲು ಒಲ್ಲೆನೆಂದರು, ಹತ್ತು ನಿಮಿಷ ನಿಂತ ಮೇಲೆ ಹಾಕಿಕೊಟ್ಟರು. ಅದರ ಜೊತೆಗೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ, ತಲುಪಿದ ಮಾಹಿತಿಯ ಮುದ್ರಣವನ್ನು ಕಡತಕ್ಕೆ ಸೇರಿಸಿದೆವು. ಕಡತವೆಂದರೆ ಅವರೇ ಕೊಟ್ಟ ಒಂದು ನೀಲಿ ರಟ್ಟಿನ ಫೈಲು. ಮೇಲೆ ದಿನಾಂಕವಾರು ಸೂಚಿ, ಒಳಗೆ ಒಂದೊಂದು ಕಾಗದಕ್ಕೂ ಸಂಖ್ಯೆ. ಇಂದು ಅದರಲ್ಲಿ ನಲವತ್ತೊಂದು ಹಾಳೆಗಳಿವೆ.

ಒಂದು ಘಟ್ಟದಲ್ಲಿ ಅವರ ನೆರವು ಇರದಿದ್ದರೆ ನಾವು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆವು. ಎಸ್‌ಪಿಯವರು ವಿಚಾರಣೆಯನ್ನು ಡಿವೈಎಸ್‌ಪಿಯವರಿಗೆ ವಹಿಸಿದ ಮೂರನೆಯ ವಾರ, ಹೇಳಿಕೆ ಕೊಡಲು ಬರಬೇಕೆಂದು ಹುಡುಗನಿಗೆ ನೋಟಿಸು ಬಂತು. ಬರಬೇಕಾದ ಸ್ಥಳ ಅದೇ ಠಾಣೆ. ನೋಟಿಸು ಓದಿದ ಅತ್ತಿಗೆ, ಬೈಕೂ ಬೇಡ ನ್ಯಾಯವೂ ಬೇಡವೆಂದು ದೇವರ ಮನೆಯಲ್ಲಿ ಕೂತುಬಿಟ್ಟರು. ನಾನು ಫೋನ್ ಮಾಡಿದಾಗ ಮೇಡಂ ಹೆಚ್ಚೇನೂ ಮಾತಾಡದೆ ನೋಟಿಸಿನ ಫೋಟೋ ತರಿಸಿಕೊಂಡು, ಆರು ಸಾಲಿನ ಮನವಿಯನ್ನು ವಾಟ್ಸಪ್ಪಿನಲ್ಲಿ ಬರೆದು ಕಳುಹಿಸಿದರು: ದೂರುದಾರನು ಹೇಳಿಕೆ ನೀಡಲು ಸಿದ್ಧನಿದ್ದಾನೆ, ಆರೋಪಿತ ಸಿಬ್ಬಂದಿ ಕೆಲಸ ಮಾಡುವ ಸ್ಥಳದಲ್ಲಿ ಮುಕ್ತವಾಗಿ ಹೇಳಿಕೆ ನೀಡಲು ಸಾಧ್ಯವಿಲ್ಲ, ಆದ್ದರಿಂದ ತಮ್ಮ ಕಚೇರಿಯಲ್ಲಿ, ಹಿರಿಯರೊಬ್ಬರ ಸಮ್ಮುಖದಲ್ಲಿ ದಾಖಲಿಸಿಕೊಳ್ಳಬೇಕು. ಡಿವೈಎಸ್‌ಪಿಯವರು ಒಪ್ಪಿದರು. ಇದನ್ನು ಪೊಲೀಸ್ ಇಲಾಖೆಯ ಪರವಾಗಿಯೂ ಹೇಳಬೇಕು. ಆ ಅಧಿಕಾರಿ ಹುಡುಗನಿಗೆ ಕುರ್ಚಿ ಕೊಟ್ಟು, ಅವನ ಮಾತನ್ನು ಅವನ ಮಾತಿನಲ್ಲಿಯೇ ಬರೆಸಿಕೊಂಡು, ಓದಿ ಹೇಳಿ, ತಿದ್ದುಪಡಿಗೆ ಅವಕಾಶ ಕೊಟ್ಟ ಮೇಲೆಯೇ ಸಹಿ ಪಡೆದರು.

ಇನ್ನು ಕೊರತೆಗಳು. ಮೊದಲನೆಯದು, ಪೊಲೀಸ್ ದೂರುಗಳ ಪ್ರಾಧಿಕಾರದ ವಿಷಯ. ಪ್ರಕಾಶ್ ಸಿಂಗ್ ಅವರು ಸ್ವತಃ ಪೊಲೀಸ್ ಮಹಾನಿರ್ದೇಶಕರಾಗಿ ನಿವೃತ್ತರಾದವರು. ಅವರು 1996ರಲ್ಲಿ ಹೂಡಿದ ಅರ್ಜಿಯ ಮೇಲೆ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದು, ಪೊಲೀಸರ ಮೇಲಿನ ದೂರುಗಳನ್ನು ನೋಡಲೆಂದೇ ಎರಡು ಹಂತದ ಪ್ರಾಧಿಕಾರ ಇರಬೇಕೆಂಬುದು. ಡಿವೈಎಸ್‌ಪಿ ಹಂತದವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್‌ಪಿ ಮತ್ತು ಅದಕ್ಕೂ ಮೇಲಿನವರಿಗೆ ರಾಜ್ಯ ಪ್ರಾಧಿಕಾರ. ಅವುಗಳ ಶಿಫಾರಸಿಗೆ ಇಲಾಖೆ ಬದ್ಧವಾಗಿರಬೇಕೆಂದೂ ನ್ಯಾಯಾಲಯ ಹೇಳಿತು. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳಿಗೆ ಜಾಗ ಮಾಡಿತು. ಇಷ್ಟು ಮುಖ್ಯವಾದ ದಾರಿಯ ಬಗ್ಗೆ ಆ ಮೇಜಿನಲ್ಲಿ ಯಾರಿಗೂ ಹೆಚ್ಚು ತಿಳಿದಿರಲಿಲ್ಲ. ಭಿತ್ತಿಪತ್ರಗಳಲ್ಲಿ ಅದರ ಉಲ್ಲೇಖವಿಲ್ಲ, ನಮೂನೆ ಅರ್ಜಿಯಿಲ್ಲ. ನಾನು ಕೇಳಿದ ಮೇಲೆ ಅವರೇ ವಿಚಾರಿಸಿ ವಿಳಾಸ ಕೊಡಲು ಮೂರು ವಾರ ಬೇಕಾಯಿತು. ಉತ್ತರ ಐರ್ಲೆಂಡಿನಲ್ಲಿ 2000ದಿಂದ ಪೊಲೀಸ್ ಒಂಬುಡ್ಸ್‌ಮನ್ ಕಚೇರಿಯೊಂದು ಪೊಲೀಸರಿಂದ ಸ್ವತಂತ್ರವಾಗಿ, ತನ್ನದೇ ತನಿಖಾಧಿಕಾರಿಗಳ ಮೂಲಕ ಇಂಥ ದೂರುಗಳನ್ನು ನೋಡುತ್ತಿದೆ ಎಂದು ಓದಿದಾಗ, ನಮ್ಮಲ್ಲಿ ಕಾಯ್ದೆಯಲ್ಲಿರುವುದನ್ನು ನೆರವು ನೀಡುವ ಮೇಜಿನವರೆಗಾದರೂ ತಲುಪಿಸಬಾರದೇ ಎಂದು ನೋವಾಯಿತು.

ಎರಡನೆಯ ಕೊರತೆ, ನೇಮಕವಾದ ವಕೀಲರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯದ ಲೆಕ್ಕವಿಲ್ಲದೆ ವಕೀಲರ ನೆರವು ಸಿಗುತ್ತದೆ. ಉಳಿದವರು ಆದಾಯದ ಮಿತಿಯೊಳಗೆ ಇರಬೇಕು. ಅಣ್ಣನ ಮಗ ಎರಡನೆಯ ಗುಂಪಿನವನಾದ್ದರಿಂದ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರುವಷ್ಟರಲ್ಲಿ ಹತ್ತು ದಿನ ಹೋಯಿತು. ಕೊನೆಗೆ ನೇಮಕವಾದ ವಕೀಲರು ಮೂರು ಭೇಟಿಯಲ್ಲಿ ಎರಡು ಸಲ ಸಿಗಲಿಲ್ಲ, ಮೂರನೆಯ ಸಲ ಫೈಲನ್ನು ತೆರೆಯದೆಯೇ, “ನಾಳೆ ಅದೇ ರಸ್ತೆಯಲ್ಲಿ ಓಡಾಡಬೇಕಲ್ಲ, ರಾಜಿ ಮಾಡಿಕೊಳ್ಳಿ” ಎಂದರು. ಅವರ ಮಾತಿನಲ್ಲಿ ಕಾನೂನಿನ ಒಂದು ನಿಜವೂ ಇತ್ತು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೂ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು, ಮತ್ತು 2020ರ ಜೂನ್‌ನಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರ್ತವ್ಯಕ್ಕೆ ಸಂಬಂಧವಿರುವಲ್ಲಿ ಅಧಿಕಾರಿ ಮಿತಿ ಮೀರಿದ್ದರೂ ಈ ರಕ್ಷಣೆ ಇರುತ್ತದೆ ಎಂದು ಹೇಳಿದೆ. ಇದನ್ನು ವಕೀಲರು ಕಷ್ಟವೆಂದು ವಿವರಿಸಿದ್ದರೆ ನಾನು ಗೌರವದಿಂದ ಕೇಳುತ್ತಿದ್ದೆ. ಆದರೆ ದಾರಿ ಕಷ್ಟವೆನ್ನುವುದಕ್ಕೂ ದಾರಿಯೇ ಇಲ್ಲವೆಂದು ಮನೆಗೆ ಕಳುಹಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ವಕೀಲರನ್ನು ಬದಲಿಸಿಕೊಡುವಂತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗಳಾದ ನ್ಯಾಯಾಧೀಶರಿಗೆ ಬರಹದಲ್ಲಿ ಕೇಳಿದೆವು, ಒಂದೇ ವಾರದಲ್ಲಿ ಬದಲಿಸಿದರು. ಹೀಗೆ ಕೇಳಬಹುದೆಂದು ಅಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಕೊರತೆ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಆ ಮೇಜು ಪಡಸಾಲೆಯಲ್ಲಿದೆ. ಪಕ್ಕದ ಬಾಗಿಲಲ್ಲಿ ನ್ಯಾಯಾಲಯದ ಕೆಲಸಕ್ಕೆ ಬಂದ ಪೊಲೀಸ್ ಸಿಬ್ಬಂದಿ ಸಮನ್ಸ್ ಕಟ್ಟುಗಳನ್ನು ಹಿಡಿದು ನಿಂತಿರುತ್ತಾರೆ. ಹುಡುಗ ತನಗೆ ಎಲ್ಲಿ ಹೊಡೆದರೆಂದು ಹೇಳುತ್ತಿದ್ದಾಗ ನಾಲ್ಕು ಅಡಿ ದೂರದಲ್ಲಿ ಖಾಕಿ ತೊಟ್ಟವರೊಬ್ಬರು ಬೆಂಚಿನ ಮೇಲೆ ಕೂತು ಬೀಡಾ ಅಗಿಯುತ್ತಿದ್ದರು. ಅವರು ಬೇರೆ ಊರಿನವರು, ನಮ್ಮ ವಿಷಯಕ್ಕೆ ಸಂಬಂಧವಿಲ್ಲದವರು, ಕಿವಿಗೊಟ್ಟಿರಲೂ ಇಲ್ಲ. ಆದರೂ ಹುಡುಗನ ದನಿ ಅಡಗಿಹೋಯಿತು, ಅಂಗೈಗಳನ್ನು ಮೇಜಿನ ಕೆಳಕ್ಕೆ ಎಳೆದುಕೊಂಡ. ಮೇಡಂ ಗಮನಿಸಿ, ಬೀರುವಿನ ಹಿಂದಿನ ಚಿಕ್ಕ ಜಾಗಕ್ಕೆ ಕುರ್ಚಿ ಎಳೆದುಕೊಂಡು ಹೋಗಿ ಉಳಿದದ್ದನ್ನು ಅಲ್ಲಿ ಕೇಳಿದರು. ಒಬ್ಬರ ಜಾಣ್ಮೆಯಿಂದ ಆ ದಿನ ಕೆಲಸ ನಡೆಯಿತು. ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ವಾರದಲ್ಲಿ ಎರಡು ಮಧ್ಯಾಹ್ನವಾದರೂ, ಇಂಥ ದೂರುದಾರರಿಗೆ ಬೇಕೇ ಬೇಕು. ಹುಡುಗನ ಜಾಗದಲ್ಲಿ ಹೆಣ್ಣುಮಗಳೊಬ್ಬಳು ಇದ್ದು, ಹೇಳಬೇಕಾದ ವಿಷಯ ಇನ್ನೂ ಕಠಿಣವಾಗಿದ್ದಿದ್ದರೆ, ಅವಳು ಆ ಬೆಂಚನ್ನು ಕಂಡೇ ಹಿಂದಿರುಗಿರುತ್ತಿದ್ದಳು.

ಫಲವೇನಾಯಿತೆಂದು ಓದುವವರು ಕೇಳುವುದು ಸಹಜ. ಬೈಕೂ ಮೊಬೈಲೂ ದೂರು ಕೊಟ್ಟ ಒಂಬತ್ತನೆಯ ದಿನ, ಸಹಿ ಪಡೆದು, ಹಿಂದಿರುಗಿದವು. ಡಿವೈಎಸ್‌ಪಿ ವಿಚಾರಣೆಯ ಹಿಂಬರಹ ಮೂರು ತಿಂಗಳ ಮೇಲೆ ಬಂತು. ವಾಹನವನ್ನೂ ಮೊಬೈಲನ್ನೂ ದಾಖಲೆಯಿಲ್ಲದೆ ಇರಿಸಿಕೊಂಡದ್ದು ನಿಜವೆಂದೂ, ಅದಕ್ಕಾಗಿ ಸಿಬ್ಬಂದಿಯೊಬ್ಬರಿಗೆ ಕಾರಣ ಕೇಳಿ ನೋಟಿಸು ಕೊಟ್ಟಿದೆಯೆಂದೂ, ಹಲ್ಲೆಯ ಆರೋಪಕ್ಕೆ ಸಾಕಷ್ಟು ಆಧಾರ ಕಂಡುಬಂದಿಲ್ಲವೆಂದೂ ಅದರಲ್ಲಿದೆ. ದೃಶ್ಯಗಳಿಗಾಗಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಅದನ್ನೂ ಮೇಡಂ ಎಣಿಸಿ ಬರೆಸಿದರು. ಒಳಕೋಣೆಯ ಕ್ಯಾಮೆರಾ ಆ ದಿನ ದುರಸ್ತಿಯಲ್ಲಿತ್ತು, ಪ್ರವೇಶದ್ವಾರದ ದೃಶ್ಯವನ್ನು ನಮ್ಮ ಪತ್ರದ ಮೇರೆಗೆ ಕಾಯ್ದಿರಿಸಿದೆ, ವಿಚಾರಣೆ ನಡೆಯುತ್ತಿರುವುದರಿಂದ ಪ್ರತಿ ಕೊಡಲಾಗದು ಎಂಬ ಉತ್ತರ ಬಂದಿದೆ. ಅದರ ಮೇಲೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿದ್ದೇವೆ. ರಾಜ್ಯ ಮಾನವ ಹಕ್ಕುಗಳ ಆಯೋಗ ದೂರನ್ನು ದಾಖಲಿಸಿಕೊಂಡು ಇಲಾಖೆಯಿಂದ ವರದಿ ತರಿಸಿಕೊಂಡಿದೆ, ಆ ವರದಿಯ ಪ್ರತಿಯನ್ನು ನಮಗೆ ಕಳುಹಿಸಿ ಆಕ್ಷೇಪಣೆ ಇದ್ದರೆ ತಿಳಿಸಿ ಎಂದಿದೆ. ವರದಿಯ ಎರಡನೆಯ ಪುಟದಲ್ಲಿ ‘ದೂರುದಾರನೇ ವೈದ್ಯರಲ್ಲಿ ಬೈಕಿನಿಂದ ಬಿದ್ದುದಾಗಿ ತಿಳಿಸಿರುತ್ತಾನೆ’ ಎಂಬ ಸಾಲಿದೆ. ನಮ್ಮ ದೂರಿನ ಹನ್ನೊಂದನೆಯ ಸಾಲು ಅದಕ್ಕೆ ಎಂಟು ತಿಂಗಳ ಹಿಂದೆಯೇ ಉತ್ತರ ಕೊಟ್ಟಿದೆ.

ಇಂಥ ಕೇಂದ್ರ ಪ್ರತಿ ಜಿಲ್ಲೆಯ ನ್ಯಾಯಾಲಯದಲ್ಲೂ ತಾಲ್ಲೂಕುಗಳಲ್ಲೂ ಇದೆ. ಸಲಹೆಗೆ ಮತ್ತು ದೂರು ಬರೆಸಲು ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಆದಾಯ ಪ್ರಮಾಣಪತ್ರವನ್ನೂ ವಕೀಲರು ಬೇಕೆಂದಾಗ ಮಾತ್ರ ಕೇಳಿದರು. ಹೋಗುವವರು ಬೆಳಿಗ್ಗೆಯೇ ಹೋಗಬೇಕು, ಏಕೆಂದರೆ ಮಧ್ಯಾಹ್ನದ ಮೇಲೆ ಲೋಕ ಅದಾಲತ್ತಿನ ಕೆಲಸಕ್ಕೆ ಅವರನ್ನು ಎಳೆದುಕೊಂಡು ಹೋಗುತ್ತಾರೆ. ಗುರುತಿನ ಚೀಟಿ, ಗಾಯವಿದ್ದರೆ ದಿನಾಂಕ ಕಾಣುವ ಫೋಟೋಗಳು, ಆಸ್ಪತ್ರೆಯ ಎಲ್ಲ ಚೀಟಿಗಳು, ಅದರಲ್ಲೂ ತಮಗೆ ವಿರುದ್ಧವಾಗಿವೆ ಎನಿಸುವ ಚೀಟಿಗಳು, ಆ ದಿನದ ಬಿಲ್ಲುಗಳು, ಫೋನ್ ಕರೆಗಳ ಪಟ್ಟಿ ಜೊತೆಯಲ್ಲಿರಲಿ. ಯಾರ ಮೇಲೆ ದೌರ್ಜನ್ಯ ನಡೆದಿದೆಯೋ ಅವರೇ ಬರಲಿ, ಮನೆಯವರು ಪಕ್ಕದಲ್ಲಿ ಕೂರಲಿ, ಉತ್ತರ ಹೇಳಿಕೊಡದಿರಲಿ. ನಾನು ಮೊದಲ ದಿನ ಈ ತಪ್ಪು ಮಾಡಿದೆ, ಮೇಡಂ ನನ್ನನ್ನು ನೀರು ತರಲು ಕಳುಹಿಸಿ ಹುಡುಗನನ್ನು ಮಾತಾಡಿಸಿದರು.

ಆಯೋಗಕ್ಕೆ ಆಕ್ಷೇಪಣೆ ಕಳುಹಿಸಲು ಮುಂದಿನ ಮಂಗಳವಾರ ಕೊನೆಯ ದಿನ. ನಿನ್ನೆ ರಾತ್ರಿ ನಾನು ಬರೆದ ಕರಡನ್ನು ಅಣ್ಣನ ಮಗ ಓದಿ, ‘ಹೇಡಿತನದ’ ಎಂಬ ಪದವನ್ನು ಹೊಡೆದುಹಾಕಿ, ಅದರ ಮೇಲೆ ಗಂಟೆ ಮತ್ತು ನಿಮಿಷವನ್ನು ಬರೆದಿಟ್ಟಿದ್ದಾನೆ.